ಬೆಟ್ಟ, ಹೊಳೆ, ಕಾಡು: ಮೊದಲ ಸಲ ಹೊರಟವರ ಪ್ರಶ್ನೆಗಳು

ಈ ಸಂಚಿಕೆಯ ಪ್ರಶ್ನೋತ್ತರವನ್ನು ಚಾರಣ ಮತ್ತು ಸಾಹಸ ಪ್ರವಾಸಕ್ಕೆ ಮೀಸಲಿಟ್ಟಿದ್ದೇವೆ. ಬರೆದವರಲ್ಲಿ ಬಹುತೇಕರು ಬೆಂಗಳೂರಿನ ಉದ್ಯೋಗಿಗಳು, ಗೃಹಿಣಿಯರು, ಶಾಲೆಗೆ ಹೋಗುವ ಮಕ್ಕಳ ತಂದೆತಾಯಂದಿರು. ವಾರದಲ್ಲಿ ಒಂದೂವರೆ ದಿನ ಬಿಡುವು ಸಿಕ್ಕರೆ ಅದೇ ದೊಡ್ಡದು ಎನ್ನುವವರು. ಇಂಥವರಿಗೂ ಬೆಟ್ಟ, ಹೊಳೆ, ಕಾಡು ಖಂಡಿತವಾಗಿ ದಕ್ಕುತ್ತವೆ, ಆದರೆ ಸಣ್ಣದರಿಂದ ದೊಡ್ಡದಕ್ಕೆ ಕ್ರಮವಾಗಿ ಹೋಗಬೇಕು ಎಂಬುದು ನನ್ನ ದೃಢವಾದ ಅಭಿಪ್ರಾಯ. ಕೆಳಗಿನ ಉತ್ತರಗಳನ್ನು ಆ ದೃಷ್ಟಿಯಿಂದಲೇ ಬರೆದಿದ್ದೇನೆ.

ಪ್ರಶ್ನೆ: ನನಗೆ 47 ವರ್ಷ, ಬ್ಯಾಂಕಿನಲ್ಲಿ ಕೆಲಸ. ರಕ್ತದೊತ್ತಡಕ್ಕೆ ಮಾತ್ರೆ ತೆಗೆದುಕೊಳ್ಳುತ್ತಿದ್ದೇನೆ. ಬೆಳಗ್ಗೆ ಲಾಲ್‌ಬಾಗಿನಲ್ಲಿ ನಡೆಯುವುದನ್ನು ಬಿಟ್ಟರೆ ಬೇರೆ ವ್ಯಾಯಾಮವಿಲ್ಲ. ಸಹೋದ್ಯೋಗಿಗಳು ಮುಂದಿನ ತಿಂಗಳು ಕುಮಾರಪರ್ವತಕ್ಕೆ ಕರೆಯುತ್ತಿದ್ದಾರೆ. ಹೋಗಬಹುದೇ?
– ಬಸವನಗುಡಿಯ ಓದುಗರು

ಉತ್ತರ: ಹೋಗಬಹುದು, ಆದರೆ ಮುಂದಿನ ತಿಂಗಳು ಬೇಡ. ಕುಮಾರಪರ್ವತದ ಎತ್ತರ 1,712 ಮೀಟರ್. ನಂದಿಬೆಟ್ಟವೇ 1,478 ಮೀಟರ್ ಇರುವಾಗ ಇದೇನು ಮಹಾ ಎಂದು ಅನೇಕರು ಭಾವಿಸುತ್ತಾರೆ. ಆದರೆ ನಾವು ನೋಡಬೇಕಾದದ್ದು ನಮ್ಮ ಕಾಲು ಏರುವ ಎತ್ತರವನ್ನು. ನಂದಿಗೆ ಹೋಗುವವರು ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಮೇಲಿರುವ ಬಯಲಿನಿಂದ ಹೊರಡುತ್ತಾರೆ, ಅಲ್ಲಿಂದ ತುದಿಯವರೆಗೂ ಡಾಂಬರು ರಸ್ತೆಯಿದೆ. ಕುಕ್ಕೆ ಸುಬ್ರಹ್ಮಣ್ಯವಾದರೋ ಘಟ್ಟದ ಬುಡದಲ್ಲಿ, ಸಮುದ್ರಮಟ್ಟಕ್ಕಿಂತ ನೂರು ಚಿಲ್ಲರೆ ಮೀಟರ್ ಮೇಲಷ್ಟೇ ಇದೆ. ಹೀಗಾಗಿ ಅಲ್ಲಿಂದ ಶಿಖರಕ್ಕೆ ಹೋಗುವವರು ಒಂದು ಬದಿಗೆ ಸುಮಾರು 13 ಕಿಲೋಮೀಟರ್ ನಡೆಯುವುದರ ಜೊತೆಗೆ 1,500 ಮೀಟರಿಗೂ ಹೆಚ್ಚು ಏರಬೇಕಾಗುತ್ತದೆ.

ಸ್ಕಾಟ್ಲೆಂಡಿನ ವಿಲಿಯಂ ನೈಸ್ಮಿತ್ ಎಂಬ ಪರ್ವತಾರೋಹಿ 1892ರಲ್ಲಿ ಕೊಟ್ಟ ಸರಳ ಲೆಕ್ಕವೊಂದು ಇಂದಿಗೂ ಬಳಕೆಯಲ್ಲಿದೆ: ಪ್ರತಿ ಐದು ಕಿಲೋಮೀಟರ್ ನಡಿಗೆಗೆ ಒಂದು ಗಂಟೆ, ಅದರ ಮೇಲೆ ಪ್ರತಿ 600 ಮೀಟರ್ ಏರಿಕೆಗೆ ಇನ್ನೊಂದು ಗಂಟೆ. ಇದರಂತೆ ಕುಮಾರಪರ್ವತದ ಏರಿಕೆಗೇ ಐದು ಗಂಟೆಯ ಮೇಲಾಯಿತು, ಅದೂ ಗಟ್ಟಿಮುಟ್ಟಾದವರು ಎಲ್ಲೂ ಕೂರದೆ ನಡೆದರೆ. ಕರಾವಳಿಯ ಸೆಕೆ, ಹೆಗಲ ಮೇಲಿನ ಚೀಲ, ಊಟ, ವಿಶ್ರಾಂತಿ ಎಲ್ಲ ಸೇರಿಸಿದರೆ ಹೊಸಬರಿಗೆ ಎಂಟು ಗಂಟೆ ಹಿಡಿಯುವುದು ಆಶ್ಚರ್ಯವಲ್ಲ. ಇಳಿಯುವಾಗ ಮಂಡಿ ಕೊಡುವ ನೋವು ಬೇರೆ.

ಮೊದಲು ನಿಮ್ಮ ವೈದ್ಯರನ್ನು ಕಂಡು, ತೆಗೆದುಕೊಳ್ಳುತ್ತಿರುವ ಮಾತ್ರೆ ಯಾವ ಬಗೆಯದೆಂದು ಕೇಳಿ. ರಕ್ತದೊತ್ತಡದ ಕೆಲವು ಮಾತ್ರೆಗಳು ಎದೆಬಡಿತ ಏರದಂತೆ ತಡೆಯುತ್ತವೆ, ಕೆಲವು ಮೂತ್ರವನ್ನು ಹೆಚ್ಚಿಸಿ ದೇಹದ ನೀರನ್ನು ಹೊರಹಾಕುತ್ತವೆ. ಬಿಸಿಲಿನಲ್ಲಿ ಬೆಟ್ಟ ಹತ್ತುವವರಿಗೆ ಇವೆರಡೂ ತಿಳಿದಿರಲೇಬೇಕಾದ ಸಂಗತಿಗಳು. ಮಾತ್ರೆಯನ್ನು ನೀವಾಗಿ ನಿಲ್ಲಿಸಬೇಡಿ.

ವೈದ್ಯರು ಒಪ್ಪಿದರೆ ಮೂರು ತಿಂಗಳ ತಯಾರಿ ಇಟ್ಟುಕೊಳ್ಳಿ. ಲಾಲ್‌ಬಾಗಿನ ಸಮತಟ್ಟು ದಾರಿಯ ಜೊತೆಗೆ ಕೆಂಪೇಗೌಡ ಗೋಪುರವಿರುವ ಬಂಡೆಯನ್ನೂ ದಿನಾ ಹತ್ತಿ ಇಳಿಯಿರಿ. ಸುಮಾರು 300 ಕೋಟಿ ವರ್ಷ ಹಳೆಯದಾದ, ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕವಾಗಿ ಗುರುತಿಸಲಾದ ಆ ಬಂಡೆ ನಿಮ್ಮ ಮನೆಯ ಹತ್ತಿರವೇ ಇರುವುದು ನಿಮ್ಮ ಭಾಗ್ಯ. ಮನೆಯಲ್ಲೋ ಕಚೇರಿಯಲ್ಲೋ ಲಿಫ್ಟ್ ಬಿಟ್ಟು ಮೆಟ್ಟಿಲು ಹಿಡಿಯಿರಿ. ಎರಡನೆಯ ತಿಂಗಳಿಂದ ಬೆನ್ನಿನ ಚೀಲದಲ್ಲಿ ನೀರಿನ ಬಾಟಲಿಗಳನ್ನು ತುಂಬಿಕೊಂಡು ಹತ್ತಿ. ಮಂಡಿ ನೋಯುವವರು ಮೇಲೆ ಹೋದ ಮೇಲೆ ನೀರನ್ನು ಗಿಡಗಳಿಗೆ ಚೆಲ್ಲಿ ಹಗುರವಾಗಿ ಇಳಿಯಬಹುದು.

ಮೊದಲ ಬೆಟ್ಟವಾಗಿ ನಾನು ಸೂಚಿಸುವುದು ಶಿವಗಂಗೆಯನ್ನು. ಡಾಬಸ್‌ಪೇಟೆಯ ಬಳಿಯಿರುವ ಈ ಬೆಟ್ಟದಲ್ಲಿ ಕೆಳಗೆ ಗಂಗಾಧರೇಶ್ವರನ ಗುಡಿ, ನಡುವೆ ಒಳಕಲ್ಲು ತೀರ್ಥ, ತುದಿಯಲ್ಲಿ ಕಲ್ಲಿನ ನಂದಿ ಇವೆ. ಮೇಲಿನ ಭಾಗದಲ್ಲಿ ಬಂಡೆಯಲ್ಲೇ ಕಡಿದ ಮೆಟ್ಟಿಲುಗಳು ಏಣಿಯ ಹಾಗೆ ನೇರವಾಗಿ ಏಳುತ್ತವೆ. ಕಬ್ಬಿಣದ ಕಂಬಿಗಳಿವೆ, ಅವನ್ನು ಹಿಡಿಯಲು ಎರಡು ಕೈಯೂ ಬಿಡುವಾಗಿರಲಿ. ಪ್ಲಾಸ್ಟಿಕ್ ಕವರಿನಲ್ಲಿ ಬಾಳೆಹಣ್ಣು ಹಿಡಿದು ಹತ್ತಿದರೆ ಕೋತಿಗಳು ಕಿತ್ತುಕೊಳ್ಳುತ್ತವೆ, ಆ ಗಾಬರಿಯಲ್ಲೇ ಕಾಲು ತಪ್ಪುತ್ತದೆ.

ಶಿವಗಂಗೆ ಸಲೀಸಾದ ಮೇಲೆ ಮಾಗಡಿ ತಾಲ್ಲೂಕಿನ ಸಾವನದುರ್ಗಕ್ಕೆ ಹೋಗಿ. 1,226 ಮೀಟರ್ ಎತ್ತರದ ಈ ಬೃಹತ್ ಬಂಡೆಯಲ್ಲಿ ಮೆಟ್ಟಿಲುಗಳಿಲ್ಲ. ಬರೀ ಓರೆಯಾದ ಕಲ್ಲು, ಅದರ ಮೇಲೆ ದಾರಿ ತೋರಲು ಬಳಿದ ಬಾಣದ ಗುರುತುಗಳು. ಇಲ್ಲಿ ಕಲಿಯಬೇಕಾದ ಪಾಠ ಇಳಿಯುವುದು. ಭಯಪಟ್ಟು ಹಿಂದಕ್ಕೆ ವಾಲಿದರೆ ದೇಹದ ಭಾರ ಹಿಮ್ಮಡಿಗೆ ಹೋಗಿ ಬೂಟು ಜಾರುತ್ತದೆ. ಮಂಡಿ ಸ್ವಲ್ಪ ಮಡಿಸಿ, ಅಂಗಾಲು ಪೂರ್ತಿ ಕಲ್ಲಿಗೆ ತಾಗುವಂತೆ ಸಣ್ಣ ಹೆಜ್ಜೆ ಇಟ್ಟರೆ ಕಲ್ಲೇ ಕಾಲನ್ನು ಹಿಡಿದುಕೊಳ್ಳುತ್ತದೆ. ಕಲ್ಲು ಒದ್ದೆಯಾಗಿದ್ದರೆ, ಅದರಲ್ಲೂ ಕಪ್ಪಗೆ ಪಾಚಿ ಕಟ್ಟಿದ ಪಟ್ಟೆಗಳ ಮೇಲೆ, ಕಾಲಿಡಬೇಡಿ. ಬೆಳಗ್ಗೆ ಬೇಗ ಹತ್ತಿ ಬಂಡೆ ಕಾಯುವ ಮೊದಲೇ ಇಳಿದುಬಿಡಿ. ಬಂಡೆಯ ಸಂದುಗಳಲ್ಲಿ ಹೆಜ್ಜೇನು ಕಟ್ಟುವ ಜಾಗಗಳಲ್ಲಿ ಹೊಗೆ, ಕೂಗಾಟ, ಘಾಟು ಸುಗಂಧ ಮೂರೂ ಕೂಡದು. ಹತ್ತಿರದ ಮಂಚನಬೆಲೆ ಜಲಾಶಯದ ನೀರಿಗೆ ಇಳಿಯುವ ಆಸೆಯನ್ನೂ ಬಿಡಿ.

ಇವೆರಡನ್ನೂ ಸುಸ್ತಿಲ್ಲದೆ ಮುಗಿಸಿದ ಮೇಲೆ ಸಹೋದ್ಯೋಗಿಗಳಿಗೆ ಒಪ್ಪಿಗೆ ಕೊಡಿ. ಮಳೆ ಮುಗಿದ ನಂತರದ ತಿಂಗಳುಗಳು ಕುಮಾರಪರ್ವತಕ್ಕೆ ಒಳ್ಳೆಯ ಕಾಲ.

ಪ್ರಶ್ನೆ: ಬೆಟ್ಟ ಹತ್ತಲು ಆನ್‌ಲೈನ್ ಟಿಕೆಟ್ ಯಾಕೆ ಬೇಕು? ಹಿಂದೆಲ್ಲ ಸ್ಕಂದಗಿರಿಗೆ ರಾತ್ರಿ ಹೋಗಿ ಮಲಗಿ ಬರುತ್ತಿದ್ದೆವು. ಸಕಲೇಶಪುರದ ರೈಲು ಹಳಿಯ ಮೇಲಿನ ನಡಿಗೆಗೂ ಅನುಮತಿ ಸಿಗುತ್ತದೆಯೇ?
– ಮಲ್ಲೇಶ್ವರದ ಓದುಗರು

ಉತ್ತರ: ನಮ್ಮ ಪ್ರಸಿದ್ಧ ಚಾರಣದ ದಾರಿಗಳಲ್ಲಿ ಹೆಚ್ಚಿನವು ಅರಣ್ಯ ಇಲಾಖೆಯ ಜಾಗದಲ್ಲಿವೆ, ಕುಮಾರಪರ್ವತ ಮತ್ತು ಕುದುರೆಮುಖದಂಥವು ವನ್ಯಜೀವಿಧಾಮ ಹಾಗೂ ರಾಷ್ಟ್ರೀಯ ಉದ್ಯಾನದ ಒಳಗೇ ಇವೆ. 2024ರ ಜನವರಿ ಕೊನೆಯ ರಜೆಯಲ್ಲಿ ಕುಮಾರಪರ್ವತದ ದಾರಿಗೆ ಜನ ಒಮ್ಮೆಲೇ ಮುಗಿಬಿದ್ದು, ಕಾಲಿಡಲೂ ಜಾಗವಿಲ್ಲದ ಚಿತ್ರಗಳು ಎಲ್ಲೆಡೆ ಹರಿದಾಡಿದವು. ಆ ಬಳಿಕ ಸರ್ಕಾರ ಆನ್‌ಲೈನ್ ಟಿಕೆಟ್ ವ್ಯವಸ್ಥೆಯಿಲ್ಲದ ಕಡೆ ಚಾರಣವನ್ನು ನಿಲ್ಲಿಸಿ, ಅನಂತರ ಅರಣ್ಯ ವಿಹಾರ ಎಂಬ ಜಾಲತಾಣದ ಮೂಲಕ ದಿನಕ್ಕೆ ಇಷ್ಟೇ ಜನ ಎಂಬ ಮಿತಿಯೊಡನೆ ಮತ್ತೆ ತೆರೆಯಿತು. ನಾನು ಈ ಮಿತಿಯನ್ನು ಮನಸಾರೆ ಬೆಂಬಲಿಸುತ್ತೇನೆ. ಹುಲ್ಲುಗಾವಲಿನ ದಾರಿಯಲ್ಲಿ ಹೆಚ್ಚು ಜನ ನಡೆದರೆ ಹುಲ್ಲಿನ ಬೇರು ಸತ್ತು, ಮುಂದಿನ ಮಳೆಗೆ ಆ ಸೀಳಿನಲ್ಲೇ ನೀರು ಹರಿದು ಮಣ್ಣು ಕೊರೆದುಹೋಗುತ್ತದೆ. ಆಮೇಲೆ ಜನ ಪಕ್ಕದಲ್ಲಿ ಹೊಸ ದಾರಿ ತುಳಿಯುತ್ತಾರೆ, ಅದೂ ಕೊರೆಯುತ್ತದೆ.

ಸ್ಕಂದಗಿರಿಯಲ್ಲಿ ರಾತ್ರಿ ಬಿಡಾರ ಹೂಡುವ ಕಾಲ ಮುಗಿಯಿತು. ಟಿಕೆಟಿನಲ್ಲಿ ನಮೂದಿಸಿದ ಹೊತ್ತಿಗೆ ಗುರುತಿನ ಚೀಟಿಯೊಂದಿಗೆ ಹೋಗಿ. ಯಾವ ದಾರಿ ಯಾವಾಗ ಮುಚ್ಚಿರುತ್ತದೆ ಎಂಬುದನ್ನೂ ಹೊರಡುವ ಮೊದಲೇ ನೋಡಿಕೊಳ್ಳಿ: ಮುಂಗಾರಿನಲ್ಲಿ ಜಾರಿಕೆಯ ಕಾರಣಕ್ಕೆ, ಬೇಸಿಗೆಯಲ್ಲಿ ಕಾಳ್ಗಿಚ್ಚಿನ ಭಯಕ್ಕೆ ಹಲವು ದಾರಿಗಳನ್ನು ಮುಚ್ಚುತ್ತಾರೆ.

ರೈಲು ಹಳಿಯ ವಿಷಯದಲ್ಲಿ ಉತ್ತರ ಸ್ಪಷ್ಟ: ಅನುಮತಿ ಇಲ್ಲ. ರೈಲ್ವೆ ಕಾಯ್ದೆಯ 147ನೇ ಕಲಮಿನ ಪ್ರಕಾರ ಹಳಿಯ ಮೇಲಿನ ಅತಿಕ್ರಮ ಪ್ರವೇಶಕ್ಕೆ ಆರು ತಿಂಗಳವರೆಗೆ ಸೆರೆವಾಸ ಅಥವಾ ದಂಡ ವಿಧಿಸಬಹುದು. ಕಾನೂನು ಹಾಗಿರಲಿ, ಸಕಲೇಶಪುರ ಮತ್ತು ಸುಬ್ರಹ್ಮಣ್ಯ ರೋಡ್ ನಡುವಿನ ಘಟ್ಟದಲ್ಲಿ ಐವತ್ತಕ್ಕೂ ಹೆಚ್ಚು ಸುರಂಗಗಳಿವೆ. ತಿರುವಿನ ಆಚೆಯಿಂದ ಬರುವ ಗೂಡ್ಸ್ ರೈಲು ಕಾಣುವ ಹೊತ್ತಿಗೆ ಸೇತುವೆಯ ಮೇಲಿರುವವರಿಗೆ ಓಡಲು ಜಾಗವಿರುವುದಿಲ್ಲ. ಅದೇ ಕಣಿವೆಯನ್ನು ಯಶವಂತಪುರದಿಂದ ಮಂಗಳೂರಿನ ಕಡೆಗೆ ಹೋಗುವ ಹಗಲು ರೈಲಿನ ಗಾಜಿನ ಚಾವಣಿಯ ವಿಸ್ಟಾಡೋಮ್ ಬೋಗಿಯಿಂದ ನೋಡಬಹುದು. 2021ರಲ್ಲಿ ಆರಂಭವಾದ ಈ ಬೋಗಿ ಯಾವ ದಿನಗಳಲ್ಲಿ ಓಡುತ್ತದೆಂದು ವಿಚಾರಿಸಿಕೊಂಡು ಕಾಯ್ದಿರಿಸಿ.

ಪ್ರಶ್ನೆ: ಚಾರಣದ ಬೂಟಿಗೆ ಎಷ್ಟು ಖರ್ಚು ಮಾಡಬೇಕು? ಮಾಮೂಲಿ ಸ್ಪೋರ್ಟ್ಸ್ ಶೂ ಸಾಲದೇ?
– ಯಲಹಂಕದ ಓದುಗರು

ಉತ್ತರ: ಶಿವಗಂಗೆಗೆ ಸಾಕು, ಅಟ್ಟೆ ಸವೆದಿರಬಾರದು ಅಷ್ಟೆ. ಮಲೆನಾಡಿನ ಕೆಸರಿಗೆ ಆಳವಾದ ಹಲ್ಲುಗಳಿರುವ ಅಟ್ಟೆ ಬೇಕಾಗುತ್ತದೆ. ಅಂಗಡಿಗೆ ಸಂಜೆ ಹೋಗಿ, ಏಕೆಂದರೆ ದಿನವಿಡೀ ಓಡಾಡಿದ ಪಾದ ಸ್ವಲ್ಪ ಊದಿರುತ್ತದೆ. ದಪ್ಪ ಕಾಲುಚೀಲ ತೊಟ್ಟು ಬೂಟಿನ ಮುಂಭಾಗಕ್ಕೆ ಬೆರಳು ಒತ್ತಿ ನಿಂತಾಗ ಹಿಮ್ಮಡಿಯ ಹಿಂದೆ ಒಂದು ಬೆರಳು ಇಳಿಯುವಷ್ಟು ಜಾಗವಿರಬೇಕು. ಇಲ್ಲದಿದ್ದರೆ ಇಳಿಜಾರಿನಲ್ಲಿ ಉಗುರು ಕಪ್ಪಾಗುತ್ತದೆ. ಹೊಸ ಬೂಟನ್ನು ಎರಡು ವಾರ ಊರಿನಲ್ಲೇ ಹಾಕಿ ಓಡಾಡಿ.

ಪ್ರಶ್ನೆ: ಜುಲೈನಲ್ಲಿ ಮಲೆನಾಡಿಗೆ ಹೋಗಿ ಮಳೆಯಲ್ಲಿ ನಡೆಯಬೇಕೆಂಬುದು ನನ್ನ ಬಹುದಿನದ ಆಸೆ. ಮನೆಯವರಿಗೆ ಜಿಗಣೆಯ ಭಯ. ಜಿಗಣೆಯಿಂದ ಕಾಯಿಲೆ ಬರುತ್ತದೆಯೇ?
– ರಾಜಾಜಿನಗರದ ಓದುಗರು

ಉತ್ತರ: ಮಲೆನಾಡಿನವರು ಉಂಬಳ ಎಂದು ಕರೆಯುವ ಈ ಜೀವಿಯಿಂದ ನಡೆಯುವವರಿಗೆ ಹೆದರಿಕೆಯಾಗುವಷ್ಟು ಹಾನಿ ಆಗುವುದಿಲ್ಲ. ಒದ್ದೆ ಎಲೆಗಳ ನಡುವೆ ದಾರದ ತುಂಡಿನಂತೆ ಎದ್ದು ನಿಂತು, ನಮ್ಮ ಉಸಿರು, ಬಿಸಿ, ಹೆಜ್ಜೆಯ ಕಂಪನ ಅರಿತು ಅತ್ತಿತ್ತ ತಲೆಯಾಡಿಸುತ್ತದೆ; ಬೂಟು ಹತ್ತಿ, ಲೇಸಿನ ತೂತಿನಲ್ಲಿ ನುಸುಳಿ, ಕಾಲುಚೀಲದ ಹೆಣಿಗೆಯ ಸಂದಿನಿಂದಲೇ ಚರ್ಮ ಮುಟ್ಟುತ್ತದೆ. ಕಚ್ಚಿದ್ದು ಗೊತ್ತಾಗುವುದಿಲ್ಲ. ಅದರ ಜೊಲ್ಲಿನಲ್ಲಿ ರಕ್ತ ಹೆಪ್ಪುಗಟ್ಟದಂತೆ ತಡೆಯುವ ಅಂಶವಿರುವುದರಿಂದ, ಅದು ಉದುರಿಹೋದ ಮೇಲೂ ಬಹಳ ಹೊತ್ತು ರಕ್ತ ಒಸರುತ್ತದೆ. ನೋಡುವವರಿಗೆ ಗಾಬರಿಯಾಗುವುದು ಇದರಿಂದಲೇ.

ಕಚ್ಚಿಕೊಂಡದ್ದನ್ನು ಜಗ್ಗಿ ಕೀಳಬೇಡಿ. ಉಗುರನ್ನು ಚರ್ಮಕ್ಕೆ ಒತ್ತಿ ಅದರ ಬಾಯಿಯ ಅಡಿಯಲ್ಲಿ ಪಕ್ಕದಿಂದ ಸರಿಸಿದರೆ ಹಿಡಿತ ಬಿಡುತ್ತದೆ. ಕಚ್ಚಿದ ಮೇಲೆ ಉಪ್ಪು ಸುರಿಯುವುದಕ್ಕಿಂತ ಇದು ಮೇಲು, ಉಪ್ಪು ತಾಗಿದ ಜಿಗಣೆ ಹೊಟ್ಟೆಯಲ್ಲಿದ್ದುದನ್ನು ಗಾಯದೊಳಕ್ಕೇ ಕಕ್ಕಬಹುದು. ಆಮೇಲೆ ಸೋಪಿನಿಂದ ತೊಳೆದು ಬಟ್ಟೆ ಕಟ್ಟಿ. ಹತ್ತದಂತೆ ತಡೆಯಲು ಸ್ಥಳೀಯರು ನಸ್ಯವನ್ನೋ ಹೊಗೆಸೊಪ್ಪನ್ನೋ ಎಣ್ಣೆಯಲ್ಲಿ ಕಲಸಿ ಕಾಲಿಗೆ ಹಚ್ಚುತ್ತಾರೆ. ಮಂಡಿಯವರೆಗೆ ಬರುವ, ಒತ್ತಾಗಿ ನೇಯ್ದ ಬಟ್ಟೆಯ ಜಿಗಣೆ ಕಾಲುಚೀಲಗಳೂ ಸಿಗುತ್ತವೆ. ರಕ್ತ ತೆಳುವಾಗಿಸುವ ಮಾತ್ರೆ ನುಂಗುವವರು ಮಾತ್ರ ವೈದ್ಯರನ್ನು ಕೇಳದೆ ಹೋಗಬಾರದು.

ಜನ ಭಯಪಡಬೇಕಾದದ್ದು ಬೇರೆ ಎರಡಕ್ಕೆ. ಮೊದಲನೆಯದು ಉಣುಗು. 1957ರಲ್ಲಿ ಶಿವಮೊಗ್ಗ ಜಿಲ್ಲೆ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಗುರುತಿಸಲಾದ ಮಂಗನ ಕಾಯಿಲೆ ಉಣುಗಿನ ಕಡಿತದಿಂದ ಹರಡುತ್ತದೆ, ಅದರ ಕಾಲ ಮಳೆಗಾಲವಲ್ಲ, ಡಿಸೆಂಬರಿನಿಂದ ಮೇ ತನಕದ ಒಣ ತಿಂಗಳುಗಳು. ಎಲ್ಲರೂ ಧೈರ್ಯವಾಗಿ ಹೋಗುವ ಹೊತ್ತು ಅದೇ. ಆಗ ಕಾಯಿಲೆಯಿರುವ ತಾಲ್ಲೂಕುಗಳ ಕಾಡಿಗೆ ಹೋಗಬೇಕಾದರೆ ಸ್ಥಳೀಯ ಆರೋಗ್ಯ ಕೇಂದ್ರದಲ್ಲಿ ವಿಚಾರಿಸಿ, ಮೈತುಂಬ ಬಟ್ಟೆ ತೊಡಿ, ಒಣ ಎಲೆಗಳ ಮೇಲೆ ಕೂರಬೇಡಿ, ಸತ್ತ ಮಂಗ ಕಂಡರೆ ದೂರ ಸರಿದು ತಿಳಿಸಿ. ಊರಿಗೆ ಮರಳಿದ ಕೆಲವು ದಿನಗಳಲ್ಲಿ ಏಕಾಏಕಿ ಜ್ವರ, ತೀವ್ರ ತಲೆನೋವು, ಮೈಕೈ ನೋವು ಬಂದರೆ ಕಾಡಿಗೆ ಹೋಗಿದ್ದ ವಿಷಯವನ್ನು ವೈದ್ಯರಿಗೆ ಮೊದಲೇ ಹೇಳಿ. ಬೆಂಗಳೂರಿನ ಕ್ಲಿನಿಕ್ಕಿನಲ್ಲಿ ಅವರಾಗಿ ಅದನ್ನು ಊಹಿಸುವುದು ಕಷ್ಟ.

ಎರಡನೆಯದು ನೀರು. 2023ರ ಜುಲೈನಲ್ಲಿ ಕೊಲ್ಲೂರು ಸಮೀಪದ ಅರಶಿನಗುಂಡಿ ಜಲಪಾತದಲ್ಲಿ ಬಂಡೆಯ ಮೇಲೆ ನಿಂತಿದ್ದ ಯುವಕನೊಬ್ಬ ಜಾರಿ ಕೊಚ್ಚಿಹೋದ. ಮಳೆಗಾಲದಲ್ಲಿ ಜಲಪಾತವನ್ನು ಕಟಾಂಜನದ ಈಚೆಯಿಂದ ನೋಡಿ. ನೀವು ನಿಂತಲ್ಲಿ ಮಳೆಯಿಲ್ಲದಿದ್ದರೂ ಮೇಲಿನ ಬೆಟ್ಟದಲ್ಲಿ ಸುರಿದದ್ದು ಕೆಲವೇ ನಿಮಿಷಗಳಲ್ಲಿ ಹಳ್ಳವನ್ನು ಏರಿಸುತ್ತದೆ. ನೀರು ಕೆಂಪಾಯಿತು, ಕಸಕಡ್ಡಿ ತೇಲಿಬಂತು ಎಂದರೆ ಆ ಕ್ಷಣವೇ ದಡ ಹತ್ತಿ.

ಪ್ರಶ್ನೆ: ನನಗಾಗಲಿ ನನ್ನ ಯಜಮಾನರಿಗಾಗಲಿ ಈಜು ಬಾರದು. ಮಗನಿಗೆ 12 ವರ್ಷ. ದಾಂಡೇಲಿಯಲ್ಲಿ ರಾಫ್ಟಿಂಗ್ ಮಾಡಿಸಬೇಕೆಂದು ಹಟ ಹಿಡಿದಿದ್ದಾನೆ.
– ಜಯನಗರದ ಓದುಗರು

ಉತ್ತರ: ತಾಯಿ, ಈಜು ಬಾರದ ದೊಡ್ಡವರು ಲೈಫ್ ಜಾಕೆಟ್ ತೊಟ್ಟು ಸುಲಭ ದರ್ಜೆಯ ಪ್ರವಾಹದಲ್ಲಿ ರಾಫ್ಟಿಂಗ್ ಮಾಡಬಹುದು. ಹೊಳೆಯ ಸೆಳವುಗಳನ್ನು ಒಂದರಿಂದ ಆರರವರೆಗೆ ದರ್ಜೆ ಮಾಡುತ್ತಾರೆ. ಒಂದು ಎಂದರೆ ಸಣ್ಣ ಅಲೆಗಳು, ಆರು ಎಂದರೆ ಪರಿಣತರಿಗೂ ಪ್ರಾಣಾಪಾಯ. ದಾಂಡೇಲಿ ಬಳಿ ಗಣೇಶಗುಡಿಯಲ್ಲಿ ಕಾಳಿ ನದಿಯ ರಾಫ್ಟಿಂಗ್ ಎರಡು, ಮೂರನೆಯ ದರ್ಜೆಯದು, ಅದೂ ಸುಪಾ ಅಣೆಕಟ್ಟೆಯ ವಿದ್ಯುದಾಗಾರದಿಂದ ಬಿಡುವ ನೀರನ್ನು ಅವಲಂಬಿಸಿದೆ. ಬೆಂಗಳೂರಿನಿಂದ ಅಷ್ಟು ದೂರ ಹೋಗಿ ನೀರು ಬಿಟ್ಟಿಲ್ಲವೆಂದು ಬೇಸರಪಡುವ ಬದಲು ಮೊದಲೇ ಫೋನ್ ಮಾಡಿ. ಕೊಡಗಿನ ಬರಪೊಳೆ ಮಳೆಗಾಲದ್ದು, ಅದರ ರಭಸ ಹೊಸಬರಿಗೆ ಹೇಳಿದ್ದಲ್ಲ. ದುಬಾರೆಯಲ್ಲಿ ಕಾವೇರಿ ಬಹುತೇಕ ಸೌಮ್ಯವಾಗಿರುತ್ತಾಳೆ.

ಮಗನ ವಿಷಯದಲ್ಲಿ ಎರಡು ವರ್ಷ ಕಾಯಿರಿ. ಸಾಮಾನ್ಯವಾಗಿ 14 ತುಂಬದ ಮಕ್ಕಳನ್ನು ಇಂಥ ಸೆಳವಿಗೆ ಕರೆದೊಯ್ಯುವುದಿಲ್ಲ. ಯಾರಾದರೂ ಪರವಾಗಿಲ್ಲ ಬನ್ನಿ ಎಂದರೆ ಅವರನ್ನೇ ಅನುಮಾನಿಸಿ. ಹುಡುಗನ ಮೈಗೆ ದೊಡ್ಡವರ ಜಾಕೆಟ್ ಹೊಂದುವುದಿಲ್ಲ. ಜಾಕೆಟ್ ಸರಿಯಿದೆಯೇ ಎಂದು ನೋಡಲು ಎಲ್ಲ ಪಟ್ಟಿಗಳನ್ನೂ ಬಿಗಿದು, ಹೆಗಲ ಬಳಿ ಹಿಡಿದು ಮೇಲಕ್ಕೆ ಎಳೆಯಬೇಕು. ಅದು ಗಲ್ಲ ದಾಟಿ ಕಿವಿಯವರೆಗೆ ಬಂದರೆ ನೀರಿನಲ್ಲೂ ಹಾಗೆಯೇ ಕಳಚಿ ಬರುತ್ತದೆ. ಈ ಎರಡು ವರ್ಷದಲ್ಲಿ ಅವನಿಗೆ ಈಜು ಕಲಿಸಿ. ನೀವಿಬ್ಬರೂ ಕಲಿಯಿರಿ, ವಯಸ್ಸು ಅಡ್ಡಿಯಲ್ಲ.

ಅಲ್ಲಿಯವರೆಗೆ ನಿಂತ ನೀರಿನಲ್ಲಿ ದೋಣಿ ಹುಟ್ಟು ಹಾಕಿಸಿ. ತಾಳಗುಪ್ಪದ ಹತ್ತಿರದ ಹೊನ್ನೇಮರಡುವಿನಲ್ಲಿ ಶರಾವತಿಯ ಹಿನ್ನೀರು ವಿಶಾಲವಾಗಿ ಹರಡಿದೆ, ಕಯಾಕಿಂಗ್ ಕಲಿಯಲು ಚೆನ್ನಾದ ಜಾಗ. ಬೆಂಗಳೂರಿನಿಂದ ತಾಳಗುಪ್ಪಕ್ಕೆ ರಾತ್ರಿ ರೈಲಿದೆ. ಹತ್ತಿರದಲ್ಲೇ ಆಗಬೇಕೆಂದರೆ ಸುಮಾರು 100 ಕಿಲೋಮೀಟರ್ ದೂರದ ಭೀಮೇಶ್ವರಿಯಲ್ಲಿ ಜಂಗಲ್ ಲಾಡ್ಜಸ್‌ನ ಶಿಬಿರವಿದೆ, ತೆಪ್ಪದಲ್ಲಿ ಕೂರಿಸುತ್ತಾರೆ. ಆದರೆ ಅದೇ ಕಾವೇರಿಯಲ್ಲಿ ಮುತ್ತತ್ತಿ, ಸಂಗಮಗಳ ಬಳಿ ಸ್ನಾನಕ್ಕೆ ಇಳಿಯಬೇಡಿ. ಮೇಲೆ ಶಾಂತವಾಗಿ ಕಂಡರೂ ಒಳಗೆ ಸುಳಿ, ಬಂಡೆ, ದಿಢೀರ್ ಗುಂಡಿಗಳಿರುವ ಆ ನೀರಿನಲ್ಲಿ ಈಜು ಬಲ್ಲವರೇ ಮುಳುಗಿದ್ದಾರೆ.

ನೀವಿಬ್ಬರೂ ಕಾಳಿಗೆ ಹೋದಾಗ ಎರಡು ಮಾತು ನೆನಪಿಡಿ. ಹುಟ್ಟಿನ ತುದಿಯ ಅಡ್ಡಹಿಡಿಯಿಂದ ಕೈ ತೆಗೆಯಬಾರದು. ಸೆಳವಿನ ಕುಲುಕಾಟದಲ್ಲಿ ಬಿಟ್ಟ ಹಿಡಿ ಪಕ್ಕದವರ ಹಲ್ಲಿಗೋ ಹುಬ್ಬಿಗೋ ಬಡಿಯುತ್ತದೆ. ದೋಣಿಯಿಂದ ಬಿದ್ದರೆ ಅಂಗಾತ ತೇಲಿ, ಕಾಲುಗಳನ್ನು ನೀರು ಹರಿಯುವ ಕಡೆಗೆ ಚಾಚಿ, ಬೆರಳುಗಳು ನೀರಿನ ಮೇಲೆ ಕಾಣುವಂತಿರಲಿ. ಹರಿಯುವ ನೀರಿನಲ್ಲಿ ಎದ್ದು ನಿಲ್ಲಲು ಹೋದರೆ ಪಾದ ಬಂಡೆಗಳ ಸಂದಿಗೆ ಸಿಕ್ಕಿಕೊಂಡು ನೀರಿನ ರಭಸ ಮೈಯನ್ನು ಮುಂದಕ್ಕೆ ಕೆಡವುತ್ತದೆ, ಆಳ ಸೊಂಟದವರೆಗೆ ಇದ್ದರೂ ಅಪಾಯ ತಪ್ಪದು.

ಪ್ರಶ್ನೆ: ಮಗಳಿಗೆ 23 ವರ್ಷ. ಸಾಫ್ಟ್‌ವೇರ್ ಕಂಪನಿಯಲ್ಲಿದ್ದಾಳೆ. ಮೊಬೈಲಿನಲ್ಲಿ ನೋಡಿದ ಚಾರಣದ ತಂಡವೊಂದರ ಜೊತೆ ಶುಕ್ರವಾರ ರಾತ್ರಿ ಹೊರಟು ಚಿಕ್ಕಮಗಳೂರಿಗೆ ಹೋಗುತ್ತೇನೆ ಎನ್ನುತ್ತಾಳೆ. ಯಾರ ಪರಿಚಯವೂ ಇಲ್ಲ. ಬೇಡವೆನ್ನಲೇ?
– ವಿಜಯನಗರದ ಓದುಗರು

ಉತ್ತರ: ಬೇಡವೆನ್ನಬೇಡಿ. ಅವಳ ಜೊತೆ ಕೂತು ತಂಡದವರಿಗೆ ಕೇಳಬೇಕಾದ ಪ್ರಶ್ನೆಗಳನ್ನು ಬರೆಯಿರಿ, ಅವಳೇ ಕೇಳಲಿ. ಅರಣ್ಯ ಇಲಾಖೆಯ ಟಿಕೆಟ್ ಎಲ್ಲರ ಹೆಸರಿನಲ್ಲೂ ಆಗಿದೆಯೇ, ಪ್ರತಿ ಕೊಡುತ್ತಾರೆಯೇ? ಎಷ್ಟು ಜನಕ್ಕೆ ಒಬ್ಬ ಮುಂದಾಳು? ಸಾಲಿನ ಕೊನೆಯಲ್ಲಿ ನಡೆಯುವ ಜವಾಬ್ದಾರಿ ಯಾರದು? ಪ್ರಥಮ ಚಿಕಿತ್ಸೆಯ ತರಬೇತಿ ಯಾರಿಗಿದೆ? ಬಟ್ಟೆ ಬದಲಿಸಲು, ಶೌಚಕ್ಕೆ ಹೆಣ್ಣುಮಕ್ಕಳಿಗೆ ಏನು ವ್ಯವಸ್ಥೆ? ನೇರವಾಗಿ ಉತ್ತರಿಸಿದ ತಂಡವನ್ನು ನಂಬಬಹುದು. ಬನ್ನಿ ಮೇಡಂ, ಎಲ್ಲ ನೋಡಿಕೊಳ್ಳುತ್ತೇವೆ ಎಂದಷ್ಟೇ ಹೇಳಿದರೆ ಬೇರೆಯವರನ್ನು ಹುಡುಕಲಿ.

ಇಂಥ ಪ್ರವಾಸದಲ್ಲಿ ನನಗೆ ಬೆಟ್ಟಕ್ಕಿಂತ ಹೆಚ್ಚು ಕಳವಳ ಹುಟ್ಟಿಸುವುದು ರಸ್ತೆ. ವಾರವಿಡೀ ದುಡಿದವರನ್ನು ಸಿಲ್ಕ್ ಬೋರ್ಡ್, ಮೆಜೆಸ್ಟಿಕ್, ಯಶವಂತಪುರಗಳಲ್ಲಿ ಹತ್ತಿಸಿಕೊಂಡು ಟೆಂಪೊ ಟ್ರಾವೆಲರ್ ಊರು ಬಿಡುವಾಗ ಮಧ್ಯರಾತ್ರಿ ಸಮೀಪಿಸಿರುತ್ತದೆ. ಚಾಲಕ ಒಬ್ಬನೇ, ಬೆಳಗಿನ ಜಾವದ ಹೊತ್ತಿಗೆ ಘಟ್ಟದ ತಿರುವು, ಮಂಜು. ನಿದ್ದೆಗೆಟ್ಟವರು ಬೆಳಗ್ಗೆ ಬೆಟ್ಟ ಹತ್ತಿ, ಅದೇ ಸಂಜೆಯೋ ಮರುದಿನವೋ ಅದೇ ಚಾಲಕನ ಕೈಯಲ್ಲಿ ಮರಳುತ್ತಾರೆ. ಆದ್ದರಿಂದ ವಾಹನ ಹಳದಿ ಬೋರ್ಡಿನದೇ, ಚಾಲಕನಿಗೆ ಹಗಲಿನಲ್ಲಿ ಮಲಗಲು ವ್ಯವಸ್ಥೆ ಇದೆಯೇ ಎಂದು ವಿಚಾರಿಸಲೇಬೇಕು. ಖಾಸಗಿ ನೋಂದಣಿಯ ಬಿಳಿ ಬೋರ್ಡಿನ ಗಾಡಿಯನ್ನು ಬಾಡಿಗೆಗೆ ಓಡಿಸುವುದು ಕಾನೂನಿಗೆ ವಿರುದ್ಧ, ಅಪಘಾತವಾದರೆ ವಿಮೆಯ ಹಣಕ್ಕೂ ತೊಡಕಾಗುತ್ತದೆ. ಕೆಎಸ್‌ಆರ್‌ಟಿಸಿ ಬಸ್ಸಿನಲ್ಲಿ ಶನಿವಾರ ಹಗಲು ಹೋಗಿ, ರಾತ್ರಿ ಅಲ್ಲೇ ತಂಗಿ, ಭಾನುವಾರ ಮುಂಜಾನೆ ಹತ್ತುವ ತಂಡ ಸಿಕ್ಕರೆ ಅದು ಉತ್ತಮ.

ರಾಜ್ಯ ಸರ್ಕಾರದ ಜನರಲ್ ತಿಮ್ಮಯ್ಯ ರಾಷ್ಟ್ರೀಯ ಸಾಹಸ ಅಕಾಡೆಮಿಯ ಶಿಬಿರಗಳನ್ನೂ ಯೂತ್ ಹಾಸ್ಟೆಲ್ಸ್ ಅಸೋಸಿಯೇಷನ್‌ನ ಕಾರ್ಯಕ್ರಮಗಳನ್ನೂ ಮಗಳು ನೋಡಲಿ. ಖರ್ಚು ಕಡಿಮೆ, ಕಲಿಕೆಯೂ ಇರುತ್ತದೆ. ಹೊರಡುವಾಗ ದಾರಿಯ ವಿವರ, ಮುಂದಾಳು ಮತ್ತು ಚಾಲಕರ ಮೊಬೈಲ್ ಸಂಖ್ಯೆ, ಮರಳುವ ಹೊತ್ತು ಇವನ್ನು ನಿಮಗೆ ಬರೆದುಕೊಟ್ಟು ಹೋಗಲಿ. ಕಾಡಿನಲ್ಲಿ ನೆಟ್‌ವರ್ಕ್ ಇರುವುದಿಲ್ಲವೆಂಬುದು ನಿಮಗೂ ತಿಳಿದಿರಲಿ, ಫೋನ್ ಸಿಗಲಿಲ್ಲವೆಂದು ಮಧ್ಯಾಹ್ನವೇ ಕಂಗಾಲಾಗಬೇಡಿ. ಹೇಳಿದ ಹೊತ್ತು ಮೀರಿ ಬಹಳ ತಡವಾದರೆ 112ಕ್ಕೆ ಕರೆ ಮಾಡಿ.

ಪ್ರಶ್ನೆ: ಹೊಸದಾಗಿ ಮದುವೆಯಾದ ನಾವಿಬ್ಬರೂ ಡಿಸೆಂಬರಿನಲ್ಲಿ ಹಿಮಾಲಯದ ಕೇದಾರಕಂಠಕ್ಕೆ ಹೋಗಬೇಕೆಂದಿದ್ದೇವೆ. ಸಾವನದುರ್ಗ, ಸ್ಕಂದಗಿರಿ ಹತ್ತಿದ್ದೇವೆ. ಇಷ್ಟು ಅನುಭವ ಸಾಕೇ?
– ಹೆಬ್ಬಾಳದ ಓದುಗರು

ಉತ್ತರ: ಕಾಲಿಗೆ ಬಹುಮಟ್ಟಿಗೆ ಸಾಕು. ಹೊರಡುವ ಮೊದಲು 1,894 ಮೀಟರಿನ ಕುದುರೆಮುಖದಂಥ ದಿನಪೂರ್ತಿಯ ನಡಿಗೆಯೊಂದನ್ನು ಮಾಡಿದರೆ ಇನ್ನೂ ಒಳ್ಳೆಯದು. ಆದರೆ ನಮ್ಮ ಕರ್ನಾಟಕದ ಯಾವ ಬೆಟ್ಟವೂ ಕೊಡಲಾಗದ ಅನುಭವ ಒಂದಿದೆ, ಅದು ತೆಳು ಗಾಳಿ. ನಮ್ಮ ಅತಿ ಎತ್ತರದ ಮುಳ್ಳಯ್ಯನಗಿರಿ 1,930 ಮೀಟರ್. ಕೇದಾರಕಂಠ ಸುಮಾರು 3,800 ಮೀಟರ್. ಅಷ್ಟು ಮೇಲೆ ಒಂದೊಂದು ಉಸಿರಿಗೆ ದೊರೆಯುವ ಆಮ್ಲಜನಕ ಸಮುದ್ರಮಟ್ಟದಲ್ಲಿ ದೊರೆಯುವುದರ ಶೇಕಡ 63ರಷ್ಟು ಮಾತ್ರ.

ಸುಮಾರು 2,500 ಮೀಟರ್ ದಾಟಿದ ಮೇಲೆ ಎತ್ತರದ ಕಾಯಿಲೆ ಯಾರನ್ನೂ ಹಿಡಿಯಬಹುದು. ಗಟ್ಟಿಮುಟ್ಟಾಗಿರುವುದಕ್ಕೂ ಇದಕ್ಕೂ ಸಂಬಂಧವಿಲ್ಲ; ದಿನಾ ಹತ್ತು ಕಿಲೋಮೀಟರ್ ಓಡುವವರೇ ಮುಂದೆ ಮುಂದೆ ನಡೆದು ಮೊದಲು ಮಲಗುತ್ತಾರೆ. ತಲೆನೋವಿನ ಜೊತೆಗೆ ವಾಕರಿಕೆ, ಊಟ ಬೇಡವೆನಿಸುವುದು, ತಲೆಸುತ್ತು ಬಂದರೆ ಮುಂದಾಳುವಿಗೆ ತಕ್ಷಣ ಹೇಳಿ, ಅಂದು ಮೇಲಕ್ಕೆ ಹೋಗಬೇಡಿ. ನಡಿಗೆ ತೂರಾಡತೊಡಗಿದರೆ, ಕುಳಿತಲ್ಲೂ ಏದುಸಿರು ಬಂದರೆ ರಾತ್ರಿಯಾದರೂ ಕೆಳಗಿಳಿಸಬೇಕು, ಬೇರೆ ಮದ್ದಿಗಾಗಿ ಕಾಯಬಾರದು. ಮೂರು ಸಾವಿರ ಮೀಟರಿನ ಮೇಲೆ ಮಲಗುವ ಜಾಗದ ಎತ್ತರ ದಿನಕ್ಕೆ 500 ಮೀಟರಿಗಿಂತ ಹೆಚ್ಚಾಗದಂಥ ಕಾರ್ಯಕ್ರಮವನ್ನೇ ಆರಿಸಿ. ಒಂದು ದಿನ ಉಳಿಸಲು ವೇಗವಾಗಿ ಏರಿಸುವ ಅಗ್ಗದ ಕಾರ್ಯಕ್ರಮ ಬೇಡ.

ದಪ್ಪ ಜಾಕೆಟ್, ಊರುಗೋಲು, ಹಿಮದಲ್ಲಿ ಬೂಟಿಗೆ ಕಟ್ಟುವ ಮುಳ್ಳುಗಳು ಬಾಡಿಗೆಗೆ ಸಿಗುತ್ತವೆ, ಕೊಳ್ಳಬೇಡಿ. ಮೈಗೆ ತಾಗುವ ಬಟ್ಟೆ ಹತ್ತಿಯದಾಗಬಾರದು, ಬೆವರಿನಿಂದ ಒದ್ದೆಯಾದ ಹತ್ತಿ ಆರದೆ ಮೈಯನ್ನು ಕೊರೆಯುತ್ತದೆ. ಪ್ರವಾಸ ವಿಮೆ ಮಾಡಿಸುವಾಗ ಚಾರಣಕ್ಕೆ, ಅದರಲ್ಲೂ ಎಷ್ಟು ಎತ್ತರದವರೆಗೆ ಅನ್ವಯಿಸುತ್ತದೆಂದು ಓದಿ ನೋಡಿ. ಸಾಹಸ ಚಟುವಟಿಕೆಗಳನ್ನು ಹೊರಗಿಟ್ಟ ಪಾಲಿಸಿಗಳೇ ಹೆಚ್ಚು. ಹಿಮದ ಆಸೆ ಮುಂದೆಯೂ ಉಳಿದರೆ ಡಾರ್ಜಿಲಿಂಗಿನಲ್ಲಿ 1954ರಲ್ಲೂ ಉತ್ತರಕಾಶಿಯಲ್ಲಿ 1965ರಲ್ಲೂ ಆರಂಭವಾದ ಪರ್ವತಾರೋಹಣ ಸಂಸ್ಥೆಗಳು ಸಾಮಾನ್ಯ ನಾಗರಿಕರಿಗೂ ಮೂಲ ತರಬೇತಿ ಕೊಡುತ್ತವೆ.

ಪ್ರಶ್ನೆ: ಮೇ ತಿಂಗಳಲ್ಲಿ ಕೊಡಗಿನ ತಡಿಯಂಡಮೋಳಿಗೆ ಹೋಗಿದ್ದಾಗ ಶಿಖರ ಇನ್ನೇನು ಅರ್ಧ ಗಂಟೆಯ ದಾರಿ ಇರುವಾಗ ಗುಡುಗಿತೆಂದು ನಾನು ಹಟ ಮಾಡಿ ಎಲ್ಲರನ್ನೂ ಇಳಿಸಿದೆ. ಆಮೇಲೆ ಮಳೆ ಬರಲೇ ಇಲ್ಲ. ಗೆಳೆಯರು ಈಗಲೂ ಹಾಸ್ಯ ಮಾಡುತ್ತಾರೆ. ನಾನು ಮಾಡಿದ್ದು ತಪ್ಪೇ?
– ಬನಶಂಕರಿಯ ಓದುಗರು

ಉತ್ತರ: ನೀವು ಮಾಡಿದ್ದು ಸರಿ. ಸಿಡಿಲಿಗೆ ಮಳೆಯೇ ಬೇಕೆಂದಿಲ್ಲ, ಮೋಡದ ಅಂಚಿನಿಂದ ಹಲವು ಕಿಲೋಮೀಟರ್ ದೂರಕ್ಕೂ ಬಡಿಯುತ್ತದೆ. ತಡಿಯಂಡಮೋಳಿನ ಮೇಲ್ಭಾಗ ಬೋಳು ಹುಲ್ಲುಗಾವಲು. ಅಲ್ಲಿ ನಿಂತ ಮನುಷ್ಯನೇ ಎಲ್ಲಕ್ಕಿಂತ ಎತ್ತರದ ವಸ್ತು. ಮಿಂಚು ಕಂಡು ಗುಡುಗು ಕೇಳುವ ನಡುವೆ ಮೂವತ್ತು ಎಣಿಸಲಾಗದಿದ್ದರೆ ಸಿಡಿಲು ಹತ್ತು ಕಿಲೋಮೀಟರಿನ ಒಳಗಿದೆ ಎಂದು ಅರ್ಥ, ಆಗ ಬೋಳು ಶಿಖರದ ಕಡೆಗೆ ಹೆಜ್ಜೆ ಇಡಬಾರದು. ಕೊನೆಯ ಗುಡುಗಿನ ಬಳಿಕ ಅರ್ಧ ಗಂಟೆ ಕಳೆಯುವವರೆಗೂ ಕಾಯಬೇಕು. ಒಂಟಿ ಮರದ ಕೆಳಗೆ ನಿಲ್ಲದೆ ತಗ್ಗಿನ ದಟ್ಟ ಕಾಡಿಗೆ ಇಳಿಯುವುದು ಸರಿಯಾದ ಕ್ರಮ.

ಮುಂಗಾರಿಗೆ ಮುಂಚಿನ ಏಪ್ರಿಲ್, ಮೇ ತಿಂಗಳುಗಳಲ್ಲಿ ನಮ್ಮಲ್ಲಿ ಸಿಡಿಲು ಹೆಚ್ಚು, ಅದೂ ಮಧ್ಯಾಹ್ನದ ನಂತರ. ಇನ್ನೊಮ್ಮೆ ನವೆಂಬರಿನಲ್ಲಿ ಹೋಗಿ. ಹಿಂದಿನ ರಾತ್ರಿ ಕಕ್ಕಬ್ಬೆಯ ಯಾವುದಾದರೂ ಹೋಂಸ್ಟೇಯಲ್ಲಿ ತಂಗಿ, ಆರೂವರೆಗೆ ನಾಲ್ಕುನಾಡು ಅರಮನೆಯ ಬಳಿಯಿಂದ ನಡೆಯತೊಡಗಿ. ಎಲ್ಲಿದ್ದರೂ ಹನ್ನೊಂದೂವರೆಗೆ ಹಿಂದಿರುಗುವುದು ಎಂದು ಬೆಟ್ಟದ ಬುಡದಲ್ಲೇ ಎಲ್ಲರಿಂದಲೂ ಒಪ್ಪಿಸಿಕೊಳ್ಳಿ, ಮೇಲೆ ಹೋದ ಮೇಲೆ ಚರ್ಚೆಗೆ ಇಳಿಯುವ ಅಗತ್ಯ ಬೀಳುವುದಿಲ್ಲ. ತಲಾ ಮೂರು ಲೀಟರ್ ನೀರು ಒಯ್ಯಿರಿ. ಅದರಲ್ಲಿ ಒಂದು ಲೀಟರಿಗೆ ಆರು ಚಹಾ ಚಮಚ ಸಕ್ಕರೆ, ಅರ್ಧ ಚಮಚ ಉಪ್ಪು ಬೆರೆಸಿಟ್ಟುಕೊಂಡರೆ ಇಳಿಯುವಾಗ ಸ್ನಾಯು ಸೆಳೆತ ಕಡಿಮೆಯಾದೀತು.